ಇರುವೆ ಕಚ್ಚಿದ ಹಾಗೆ

‘ಏನೂ ಆಗಲ್ಲ ಕಂದ, ಇರುವೆ ಕಚ್ಚಿದ ಹಾಗೆ, ಅಷ್ಟೆ.’ ಸೂಜಿ ಹಿಡಿದವರೂ ಮಗುವಿನ ಕೈ ಹಿಡಿದವರೂ ಮೊದಲಿನಿಂದ ಹೇಳಿಕೊಂಡು ಬಂದಿರುವ ಸುಳ್ಳು ಇದು. ಒಂದು ಸಲಕ್ಕಾದರೆ ನಡೆದೀತು. ವರ್ಷಕ್ಕೆ 17 ಸಲ ಹೇಳಿದರೆ ಯಾವ ಮಗು ನಂಬುತ್ತದೆ?

ದೊಡ್ಡಬಳ್ಳಾಪುರದ ಮಗ್ಗದ ಮನೆಯ ಹುಡುಗಿಯೊಬ್ಬಳು ನನ್ನ ತರಗತಿಯಲ್ಲಿದ್ದಳು. ಅವಳಿಗೆ ಥಲಸ್ಸೇಮಿಯಾ. ಮೈ ತನಗೆ ಬೇಕಾದಷ್ಟು ಒಳ್ಳೆಯ ರಕ್ತ ತಯಾರಿಸಿಕೊಳ್ಳಲಾರದ, ಹುಟ್ಟಿನಿಂದಲೇ ಬರುವ ಕಾಯಿಲೆ. ಮೂರು ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗಿ ರಕ್ತ ಹಾಕಿಸಿಕೊಂಡು ಬರಬೇಕು. ಹಾಜರಿ ಪುಸ್ತಕದಲ್ಲಿ ಅವಳ ಗೈರು ಅಮಾವಾಸ್ಯೆಯಷ್ಟೇ ನಿಯತ್ತಾಗಿ ಬೀಳುತ್ತಿತ್ತು. ಹಿಂದಿನ ದಿನ ಮಧ್ಯಾಹ್ನ ಬಿಸಿಯೂಟದ ತಟ್ಟೆ ಮುಟ್ಟುತ್ತಿರಲಿಲ್ಲ. ‘ರಕ್ತಕ್ಕಲ್ಲ ಮಿಸ್, ಆ ಮೊದಲನೇ ಸೂಜಿಗೆ ಹೆದರ್ತಾಳೆ. ಹಟಕ್ಕೆ ಸೋತು ಎರಡು ಸಲ ಹೋಗೋದನ್ನೇ ತಪ್ಪಿಸಿದ್ವಿ,’ ಎಂದರು ಅವಳ ತಾಯಿ. ತಪ್ಪಿಸುವಂಥ ಚಿಕಿತ್ಸೆಯೇ ಅದು?

ಕೊನೆಗೆ ಅಲ್ಲಿನ ಮಕ್ಕಳ ಡಾಕ್ಟರು ಒಂದು ಮುಲಾಮು ಬರೆದುಕೊಟ್ಟರು. ಲಿಡೊಕೇನ್, ಪ್ರೈಲೊಕೇನ್ ಎಂಬ ಎರಡು ಔಷಧಿಗಳ ಮಿಶ್ರಣ. ಬೇರೆ ಬೇರೆಯಾಗಿದ್ದಾಗ ಎರಡೂ ಹರಳು. ಕೂಡಿಸಿದರೆ ಕರಗಿ ಎಣ್ಣೆಯಂತಾಗುತ್ತವಂತೆ, ಅದರಿಂದಲೇ ಚರ್ಮದೊಳಕ್ಕೆ ಇಳಿಯುವುದು. ಕಲಾ ವಿಭಾಗದವಳಾದ ನನಗೆ ಇದು ಈಗಲೂ ಸೋಜಿಗವೇ. ಲಿಡೊಕೇನನ್ನು 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ತಯಾರಿಸಿದಾಗ, ಜೊತೆಗಾರ ಬೆಂಗ್ಟ್ ಲುಂಡ್‌ಕ್ವಿಸ್ಟ್ ಅದನ್ನು ತನ್ನ ಮೈಗೇ ಚುಚ್ಚಿಕೊಂಡು ನೋಡಿದನಂತೆ. ‘ಇರುವೆ ಕಚ್ಚಿದ ಹಾಗೆ’ ಎನ್ನುವ ಹಕ್ಕು ಬಹುಶಃ ಅವನೊಬ್ಬನಿಗಿತ್ತು!

ನಮ್ಮ ಮಾತಿನಲ್ಲಿ ರಕ್ತನಾಳವೂ ನರವೇ, ನೋವನ್ನು ಮಿದುಳಿಗೆ ಒಯ್ಯುವುದೂ ನರವೇ. ಒಂದು ನರವನ್ನು ಮಲಗಿಸಿ ಇನ್ನೊಂದಕ್ಕೆ ಸೂಜಿ ಹಾಕುವ ಉಪಾಯ ಇದು ಎಂದು ಆ ತಾಯಿಗೆ ವಿವರಿಸಿದೆ.

ಆದರೆ ಮುಲಾಮಿಗೆ ಆತುರ ಆಗದು. ದಪ್ಪವಾಗಿ ಹಚ್ಚಿ, ಮೇಲೆ ಪಾರದರ್ಶಕ ಪಟ್ಟಿ ಅಂಟಿಸಿ, ಒಂದು ಗಂಟೆಯಾದರೂ ಕಾಯಬೇಕು. ಆಸ್ಪತ್ರೆಗಳಲ್ಲಿ ಇದರ ಬಳಕೆ ಕಡಿಮೆಯಾಗಿರುವುದಕ್ಕೆ ಹಣಕ್ಕಿಂತ ಈ ಒಂದು ಗಂಟೆಯೇ ಕಾರಣ ಎಂದು ನನಗನ್ನಿಸುತ್ತದೆ. ಸಾಲು ನಿಂತ ಮಕ್ಕಳ ನಡುವೆ ಯಾರಿಗೆ ಪುರುಸೊತ್ತು? ಚರ್ಮ ಬಿಳುಚಿಕೊಂಡು ನರ ಕಾಣುವುದಿಲ್ಲ ಎಂದು ನರ್ಸಮ್ಮಂದಿರು ಗೊಣಗುವುದೂ ಪೂರಾ ಸುಳ್ಳಲ್ಲ. ಗಾಯದ ಮೇಲೆ ಹಚ್ಚುವಂತಿಲ್ಲ. ಎಳೆಗೂಸುಗಳಿಗೆ ಅಳತೆ ಮೀರಿದರೆ ರಕ್ತ ಆಮ್ಲಜನಕ ಒಯ್ಯುವುದಕ್ಕೇ ಕುತ್ತು. ಡಾಕ್ಟರ ಮಾತು ಕೇಳದೆ ಅಂಗಡಿಯಿಂದ ತಂದು ಬಳಿಯಬಾರದು.

ಆ ಒಂದು ಗಂಟೆಯನ್ನು ತಾಯಿ ಬಸ್ಸಿನಲ್ಲಿ ಕಂಡುಕೊಂಡರು. ರಾಜಾನುಕುಂಟೆ ಬಂದೊಡನೆ ಎರಡೂ ಮುಂಗೈಗೆ ಹಚ್ಚುವುದು, ಏಕೆಂದರೆ ಯಾವ ಕೈಯಲ್ಲಿ ನರ ಸಿಕ್ಕೀತೋ ಹೇಳಲಾಗದು. ಯಲಹಂಕ, ಹೆಬ್ಬಾಳದ ವಾಹನಗಳ ಸಾಲು ದಾಟಿ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಕೈ ಜೋಮು. ಹೆಬ್ಬಾಳದ ಟ್ರಾಫಿಕ್ಕಿಗೆ ಶಾಪ ಹಾಕದ ತಾಯಿಯನ್ನು ನಾನು ಕಂಡದ್ದು ಅವರೊಬ್ಬರನ್ನೇ.

ಮೊದಲ ಸಲ ಹಚ್ಚಿಕೊಂಡು ಹೋಗಿ ಬಂದ ಮರುದಿನ ಹುಡುಗಿಯನ್ನು ಕೇಳಿದೆ. ‘ಒತ್ತಿದ್ದು ಗೊತ್ತಾಗುತ್ತೆ ಮಿಸ್, ಚುಚ್ಚಿದ್ದು ಗೊತ್ತಾಗಲ್ಲ,’ ಎಂದಳು. ಸ್ವಲ್ಪ ತಡೆದು, ‘ಆದ್ರೂ ನಾನು ಕಣ್ಣು ಮುಚ್ಕೊಂಡಿದ್ದೆ.’