ಒಂದಕ್ಷರದ ಹೆಸರು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ತೊಟ್ಟಿಲುಗಳಲ್ಲಿ ಗವಿಸಿದ್ದಪ್ಪ, ಹುಲಿಗೆಮ್ಮ, ಕನಕಪ್ಪ ಎಂಬ ನೀಳವಾದ ಹೆಸರುಗಳು ತಲೆಮಾರುಗಳಿಂದ ತೂಗಿವೆ. ಗವಿಮಠ, ಹುಲಿಗಿ, ಕನಕಗಿರಿಗಳ ದೈವಸ್ಮರಣೆ ಅವುಗಳಲ್ಲಿದೆ. ಹಸುಗೂಸಿಗೂ ‘ಅಪ್ಪ’, ‘ಅಮ್ಮ’ ಎಂಬ ಹಿರಿತನ ಸಲ್ಲುವುದು ಈ ನಾಡಿನ ಸೌಜನ್ಯ.

ಇಂದಿನ ತಾಯ್ತಂದೆಗಳಿಗೆ ‘ಯಶ್’, ‘ಜಯ್’, ‘ಓಂ’ ಪ್ರಿಯ. ಯಶಸ್ಸು, ವಿಜಯ, ಪ್ರಣವ ಎಂಬ ಅರ್ಥಸಂಪತ್ತು ಇವಕ್ಕೂ ಉಂಟು. ಆದರೆ ವ್ಯಂಜನದಲ್ಲಿ ತಟ್ಟನೆ ನಿಲ್ಲುವ ಹೆಸರು ಕನ್ನಡದ ನಾಲಗೆಗೆ ಒಗ್ಗದು. ಅಜ್ಜಿ ‘ಯಶಪ್ಪಾ’ ಎಂದೇ ಕರೆದಾಳು! ‘ಶ್ರೀ’ಗೆ ಆ ತೊಡಕಿಲ್ಲ. ಸಂಪತ್ತು, ಕಾಂತಿ, ಲಕ್ಷ್ಮಿ ಮೂರೂ ಆ ಒಂದಕ್ಷರದಲ್ಲಿವೆ. ಬಿ.ಎಂ. ಶ್ರೀಕಂಠಯ್ಯನವರು (1884–1946) ಅದನ್ನೇ ಕಾವ್ಯನಾಮವಾಗಿ ಧರಿಸಿದರು.

ಅಂಗಳದಲ್ಲಿ ಮಗುವನ್ನು ‘ಶ್ರೀ’ ಎಂದು ಕೂಗಿದರೆ ನಷ್ಟವೇನು? ಶಾಲೆಯ ಹಾಜರಿಪುಸ್ತಕದಲ್ಲಿ ಮಾತ್ರ ಅಜ್ಜನ ಹೆಸರು ಪೂರ್ತಿಯಾಗಿ ಉಳಿಯಲಿ.