ಸಿಡಿಲಿಗೆ ಸಿಗದ ದಾರ

ಆಪ್ಟಿಕಲ್ ಫೈಬರ್ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಸಮುದ್ರದಡಿಯ ಕೇಬಲ್ಲು, ಇಲ್ಲಾಂದ್ರೆ ಮನೆಗೆ ಬಂದಿರೋ ಬ್ರಾಡ್‌ಬ್ಯಾಂಡು. ಎಲ್ಲ ಸ್ಪೀಡಿಗೋಸ್ಕರ ಅಂದ್ಕೋತೀವಿ. ಆದ್ರೆ ನಮ್ಮೂರಿನ ಹೈಸ್ಕೂಲಿಗೆ ಫೈಬರ್ ಬೇಕಾಗಿದ್ದು ಸ್ಪೀಡಿಗಲ್ಲ, ಸಿಡಿಲಿಗೆ!

ನಮ್ಮದು ಮಲೆನಾಡು. ಶಾಲೆಯ ಆಫೀಸು ಮೈದಾನದ ಈ ಕಡೆ, ಕಂಪ್ಯೂಟರ್ ಲ್ಯಾಬು ಆ ಕಡೆ. ಇಂಟರ್ನೆಟ್ ಬರೋದು ಆಫೀಸಿಗೆ. ಅಲ್ಲಿಂದ ಲ್ಯಾಬಿಗೆ ಮಾಮೂಲಿ ತಾಮ್ರದ ಕೇಬಲ್ ಎಳೆದಿದ್ರು, ಸುಮಾರು 130 ಮೀಟರ್. ತಾಮ್ರದ ಈಥರ್ನೆಟ್ಟಿಗೆ ಗಡಿ ಇರೋದೇ 100 ಮೀಟರ್! ಹಂಗೂ ಹಿಂಗೂ ಕುಂಟ್ತಾ ನಡೀತಿತ್ತು. ಆದ್ರೆ ಏಪ್ರಿಲ್-ಮೇ ತಿಂಗಳ ಗುಡುಗು ಮಳೆ ಬಂತು ಅಂದ್ರೆ ಮುಗೀತು. ರಜೆ ಮುಗಿಸಿ ಬಂದು ನೋಡಿದ್ರೆ ಎರಡೂ ತುದಿಯ ಸ್ವಿಚ್ ಸತ್ತಿರ್ತಿತ್ತು. ಸಿಡಿಲು ನೇರ ಬಡೀಬೇಕು ಅಂತೇನಿಲ್ಲ, ಹತ್ತಿರದಲ್ಲೆಲ್ಲೋ ಬಿದ್ರೂ ಉದ್ದದ ತಂತಿಯಲ್ಲಿ ವೋಲ್ಟೇಜ್ ಜಿಗಿಯುತ್ತೆ. ಜೊತೆಗೆ ಎರಡು ಕಟ್ಟಡಗಳ ಅರ್ತಿಂಗ್ ಬೇರೆ ಬೇರೆ.

ಎರಡು ವರ್ಷ ಹೀಗೇ ಆದ ಮೇಲೆ ಹೆಡ್ ಮೇಷ್ಟ್ರು ಅಂದ್ರು, "ಇನ್ನೊಂದ್ಸಲ ಸುಟ್ರೆ ಲ್ಯಾಬಿಗೆ ಬೀಗ ಹಾಕೋದೇ ಮಾರಾಯ. ಪ್ರತಿ ವರ್ಷ ದುಡ್ಡು ಎಲ್ಲಿಂದ ತರ್ಲಿ?" ಆ ಮಕ್ಕಳಲ್ಲಿ ಎಷ್ಟೋ ಜನ ಕೀಬೋರ್ಡ್ ಮುಟ್ಟೋದು ಅಲ್ಲೊಂದೇ ಕಡೆ.

ಅದಕ್ಕೇ ಫೈಬರ್. ಗಾಜಿನ ತಿರುಳು, ಅದರ ಸುತ್ತ ವಕ್ರೀಭವನ ಸೂಚ್ಯಂಕ ಸ್ವಲ್ಪ ಕಡಿಮೆ ಇರೋ ಇನ್ನೊಂದು ಗಾಜಿನ ಪದರ. ಬೆಳಕು ಒಳಗೇ ಉಳಿಯುತ್ತೆ. ಪಿಯುಸಿಯಲ್ಲಿ ಉರು ಹೊಡೆದಿದ್ವಲ್ಲ, ಪೂರ್ಣ ಆಂತರಿಕ ಪ್ರತಿಫಲನ, ಅದೇ. ಗಾಜಿನಲ್ಲಿ ಕರೆಂಟು ಹರಿಯಲ್ಲ, ಹಾಗಾಗಿ ಒಂದು ಕಟ್ಟಡದ ಆಘಾತ ಇನ್ನೊಂದಕ್ಕೆ ದಾಟಲ್ಲ.

ಇದರಲ್ಲಿ ಎರಡು ಜಾತಿ. ಮಲ್ಟಿಮೋಡಿನ ತಿರುಳು 50 ಮೈಕ್ರಾನ್, ಗಿಗಾಬಿಟ್ ವೇಗದಲ್ಲಿ ಸುಮಾರು 550 ಮೀಟರ್ ತನಕ ಸಾಕು. ಸಿಂಗಲ್ ಮೋಡಿನದು ಬರೀ 9 ಮೈಕ್ರಾನ್, ಕಿಲೋಮೀಟರುಗಟ್ಟಲೆ ಹೋಗುತ್ತೆ. ನಮಗೆ ಮೊದಲನೇದೇ ಸಾಕಿತ್ತು. ಆದ್ರೂ ಸಿಂಗಲ್ ಮೋಡೇ ಹಾಕಿಸಿದ್ವಿ. ಕಾರಣ ತುಂಬಾ ಸರಳ: ನಾಳೆ ಕೇಬಲ್ ತುಂಡಾದ್ರೆ ಬೆಸೆಯೋಕೆ ಮೆಷಿನ್ ಇರೋದು ಊರಿನ ಕೇಬಲ್ ಟೀವಿಯವರ ಹತ್ರ, ಅವರು ಬಳಸೋದು ಅದನ್ನೇ.

ಇಲ್ಲೊಂದು ಸೂಕ್ಷ್ಮ ಇದೆ. ಹೊರಗೆ ಎಳೆಯೋ ಎಷ್ಟೋ ಫೈಬರ್ ಕೇಬಲ್ಲುಗಳಲ್ಲಿ ಬಲಕ್ಕೆ ಅಂತ ಉಕ್ಕಿನ ತಂತಿ ಇರುತ್ತೆ. ಅದನ್ನು ಹಾಕಿದ್ರೆ ಸಿಡಿಲಿಗೆ ಮತ್ತೆ ರತ್ನಗಂಬಳಿ ಹಾಸಿದ ಹಾಗೆ! ಲೋಹವೇ ಇಲ್ಲದ್ದನ್ನು ಕೇಳಿ ತರಿಸಿದ್ವಿ. ಎರಡೂ ತುದಿಗೆ ಒಂದೊಂದು ಮೀಡಿಯಾ ಕನ್ವರ್ಟರ್. ಕರೆಂಟಿನ ಲೈನಿನಿಂದ ಬರೋ ಸಿಡಿಲನ್ನು ಫೈಬರ್ ತಡೆಯಲ್ಲ, ಅದಕ್ಕೆ ಅರ್ತಿಂಗ್ ಸರಿಮಾಡಿಸಿ, ರಜೆಯಲ್ಲಿ ಪ್ಲಗ್ ಕಿತ್ತಿಡಿ ಅಂತ ಹೇಳಿ ಬಂದೆ.

ಹೋದ ಬೇಸಿಗೆಯಲ್ಲೂ ಗುಡುಗು ಸಿಡಿಲು ಜೋರೇ ಇತ್ತು. ಒಂದು ಪೋರ್ಟೂ ಹೋಗಿಲ್ಲ :) ಮಕ್ಕಳಿಗೆ ಹೇಳಿರೋದು ಒಂದೇ ಮಾತು: ಆ ದಾರದ ತುದಿಗೆ ಕಣ್ಣಿಟ್ಟು ನೋಡ್ಬೇಡಿ, ಅದರೊಳಗಿನ ಬೆಳಕು ಕಣ್ಣಿಗೆ ಕಾಣಲ್ಲ.

ನಿಮ್ಮೂರ ಶಾಲೆಯಲ್ಲೂ ಕಟ್ಟಡದಿಂದ ಕಟ್ಟಡಕ್ಕೆ ತಾಮ್ರದ ತಂತಿ ನೇತಾಡ್ತಿದ್ರೆ, ಮಳೆಗಾಲಕ್ಕೆ ಮುಂಚೆ ಒಂದ್ಸಲ ನೋಡಿ ಬನ್ನಿ. ಏನಂತೀರಾ?