ಜ್ವರ ಬಿಟ್ಟ ಮೇಲಿನ ಹಡಗು ಪ್ರಯಾಣ

2022ನೆಯ ಇಸವಿಯ ಜೂನ್ ಮಾಸದಲ್ಲಿ, ಸಿಯಾಟಲಿನಲ್ಲಿರುವ ಮಗಳ ಮನೆಯಲ್ಲಿ, ನಮ್ಮ ಯಜಮಾನರಿಗೂ ನಮಗೂ ಕೋವಿಡ್ ತಗುಲಿತು. ಅಲಾಸ್ಕಾಕ್ಕೆ ಹೋಗುವ ಹಡಗು ಹೊರಡಲು 18 ದಿನಗಳು ಮಾತ್ರ ಉಳಿದಿದ್ದವು. ಜ್ವರವೇನೋ ಬೇಗನೆ ಬಿಟ್ಟಿತು. ಆದರೆ ಗುಣವಾದವರಲ್ಲಿಯೂ ಆರ್‌ಟಿ-ಪಿಸಿಆರ್ ಪರೀಕ್ಷೆಯು ವಾರಗಟ್ಟಲೆ ರೋಗಾಣುವಿನ ಅವಶೇಷವನ್ನು ತೋರಿಸಬಲ್ಲದಾದುದರಿಂದ, ವೈದ್ಯರು ಗುಣಪತ್ರವನ್ನು ಬರೆದುಕೊಟ್ಟರು; ಹಡಗಿನವರು ಒಪ್ಪಿದರು. ನಮ್ಮ ಮನಸ್ಸು ಮಾತ್ರ ಒಪ್ಪಲಿಲ್ಲ. 2020ರಲ್ಲಿ ಯೊಕೊಹಾಮಾ ಬಂದರಿನಲ್ಲಿ ತಡೆಯಲ್ಪಟ್ಟ ಡೈಮಂಡ್ ಪ್ರಿನ್ಸೆಸ್ ಹಡಗಿನ 3711 ಮಂದಿಯಲ್ಲಿ 712 ಮಂದಿಗೆ ಈ ರೋಗವು ಹಬ್ಬಿದ್ದುದನ್ನು ಮರೆಯುವುದೆಂತು?

ಜೂನೋ ಪಟ್ಟಣದಲ್ಲಿ ಎಲ್ಲರೂ ಹಿಮನದಿಯನ್ನು ನೋಡಲು ಇಳಿದುಹೋದರು. ನಾಲ್ಕು ಮೆಟ್ಟಿಲಿಗೇ ಏದುಸಿರು ಬರುತ್ತಿದ್ದ ನಾವಿಬ್ಬರೂ ಮೇಲಟ್ಟದಲ್ಲಿ ಮುಖಗವಸು ಧರಿಸಿ, ಕಂಬಳಿ ಹೊದೆದು ಕುಳಿತೆವು. ಒಬ್ಬ ವೃದ್ಧೆಯು ಅಕ್ಕರೆಯಿಂದ ಮಾತನಾಡಿಸಲು ಬಂದಾಗ, ಕುರ್ಚಿಯನ್ನು ದೂರಕ್ಕೆ ಸರಿಸಿಕೊಂಡೆವು. ಆಕೆ ಅದನ್ನು ಬಿಗುಮಾನವೆಂದೇ ತಿಳಿದಿರಬೇಕು. ಆಮೇಲೆ ನಮ್ಮತ್ತ ತಿರುಗಿ ನೋಡಲಿಲ್ಲ.